ಪರದೆಯ ಮೇಲಿನ ಮನೆ

ಬೆಂಗಳೂರಿನಲ್ಲಿ ಮನೆಯೊಂದು ಮಾರಾಟಕ್ಕಿದೆ. ಕೊಳ್ಳಬೇಕೆಂದಿರುವವರು ದುಬೈಯಲ್ಲಿಯೋ ಅಮೆರಿಕದಲ್ಲಿಯೋ ಇದ್ದಾರೆ. ಬಂದು ನೋಡಿಹೋಗಲು ರಜೆಯಿಲ್ಲ. ಅವರ ಮೊಬೈಲಿಗೆ ಒಂದು ಕೊಂಡಿ ಬರುತ್ತದೆ. ಅದನ್ನು ಒತ್ತಿದೊಡನೆ ಪರದೆಯ ಮೇಲೆ ಆ ಮನೆಯ ಹಜಾರ ತೆರೆದುಕೊಳ್ಳುತ್ತದೆ. ಬೆರಳನ್ನು ಎಳೆದತ್ತ ನೋಟ ತಿರುಗುತ್ತದೆ. ನೆಲದ ಮೇಲಿನ ಚುಕ್ಕೆಯನ್ನು ಮುಟ್ಟಿದರೆ ಅಡಿಗೆಮನೆಗೆ ಹೋಗಬಹುದು. ಇದಕ್ಕೆ ವರ್ಚುಯಲ್ ಟೂರ್ ಎಂದು ಹೆಸರು. 2020ರಲ್ಲಿ ಕೋವಿಡ್ ಕಾರಣದಿಂದ ಮನೆಗಳಿಗೆ ಹೋಗಿ ನೋಡುವುದೇ ಅಸಾಧ್ಯವಾದಾಗ ಈ ಕ್ರಮವು ಬಹುವಾಗಿ ಹರಡಿತು. ಒಂದು ಕುಟುಂಬದ ಇಪ್ಪತ್ತು ವರ್ಷಗಳ ಉಳಿತಾಯವು ಇಂತಹ ನೋಟವೊಂದನ್ನು ನಂಬಿ ಕೈಬಿಡಬಹುದಾದುದರಿಂದ, ಅದು ಎಷ್ಟರಮಟ್ಟಿಗೆ ನಂಬತಕ್ಕದ್ದು ಎಂಬುದನ್ನು ಭೌತವಿಜ್ಞಾನದ ದೃಷ್ಟಿಯಿಂದ ವಿಚಾರಿಸುವುದು ಉಚಿತವಾಗಿದೆ.

ನೋಡುವವನನ್ನು ಚಿತ್ರದ ನಡುವೆ ನಿಲ್ಲಿಸುವ ಕಲ್ಪನೆ ಹೊಸದೇನಲ್ಲ. ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರನು 1787ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದು, 1793ರಲ್ಲಿ ಲಂಡನ್ನಿನ ಲೀಸ್ಟರ್ ಚೌಕದಲ್ಲಿ ದುಂಡನೆಯ ಕಟ್ಟಡವೊಂದರ ಒಳಗೋಡೆಯ ಸುತ್ತ ಚಿತ್ರವನ್ನು ಹರಡಿ ಜನರಿಗೆ ತೋರಿಸಿದನು. ಈಗ ಕ್ಯಾಮರಾವು ಒಂದೆಡೆ ನಿಂತು ಎಲ್ಲ ದಿಕ್ಕುಗಳ ಚಿತ್ರಗಳನ್ನೂ ತೆಗೆಯುತ್ತದೆ. ಗಣಕಯಂತ್ರವು ಅವನ್ನು ಒಂದು ಗೋಲದ ಒಳಮೈಗೆ ಹೊಲಿದಂತೆ ಜೋಡಿಸುತ್ತದೆ. ನಾವು ಆ ಗೋಲದ ಕೇಂದ್ರದಲ್ಲಿದ್ದು ಸುತ್ತಲೂ ನೋಡುತ್ತೇವೆ. ದರ್ಪಣದ ಮಿಥ್ಯಾಬಿಂಬವನ್ನು ಪರದೆಯ ಮೇಲೆ ಹಿಡಿಯಲಾಗದೆಂದು ವಿದ್ಯಾರ್ಥಿಗಳು ಓದಿರುವರಷ್ಟೆ. ಈ ಮಿಥ್ಯಾಗೃಹವಾದರೋ ಪರದೆಯ ಮೇಲಲ್ಲದೆ ಬೇರೆಲ್ಲಿಯೂ ಇಲ್ಲ!

ಇಲ್ಲಿ ಒಂದು ತೊಡಕುಂಟು. ಒಂದೇ ಬಿಂದುವಿನಿಂದ ತೆಗೆದ ಚಿತ್ರವು ದಿಕ್ಕನ್ನು ತಿಳಿಸುತ್ತದೆ, ದೂರವನ್ನು ತಿಳಿಸುವುದಿಲ್ಲ. ಕೋಣೆ, ಅದರಲ್ಲಿನ ಸಾಮಾನುಗಳು, ಕ್ಯಾಮರಾದ ಎತ್ತರ ಇವೆಲ್ಲವೂ ಇಮ್ಮಡಿಯಾದರೆ ಪ್ರತಿಯೊಂದು ಕೋನವೂ ಮೊದಲಿದ್ದಂತೆಯೇ ಇರುವುದರಿಂದ ಚಿತ್ರದಲ್ಲಿ ಏನೂ ವ್ಯತ್ಯಾಸವಾಗದು. ಬಾಗಿಲು ಸುಮಾರು 7 ಅಡಿ ಎತ್ತರವಿರುತ್ತದೆ, ಮಂಚ ಇಷ್ಟು ಉದ್ದವಿರುತ್ತದೆ ಎಂಬ ರೂಢಿಯ ಅರಿವಿನಿಂದಲೇ ನಾವು ಕೋಣೆಯ ಅಳತೆಯನ್ನು ಊಹಿಸುತ್ತೇವೆ. ಸಣ್ಣ ಮಂಚವನ್ನು ಹಾಕಿ ಕೋಣೆಯನ್ನು ದೊಡ್ಡದಾಗಿ ತೋರಿಸುವ ಉಪಾಯಕ್ಕೆ ಇದೇ ಆಧಾರ.

ವಿಶಾಲಕೋನದ ಮಸೂರವು ಇದಕ್ಕೆ ಇನ್ನಷ್ಟು ನೆರವಾಗುತ್ತದೆ. 36 ಮಿಲಿಮೀಟರು ಅಗಲದ ಗ್ರಾಹಕ ಫಲಕವಿರುವ ಕ್ಯಾಮರಾದಲ್ಲಿ 50 ಮಿಲಿಮೀಟರು ಸಂಗಮದೂರದ ಮಸೂರವು ಸುಮಾರು 40 ಡಿಗ್ರಿಗಳ ನೋಟವನ್ನು ಕೊಡುತ್ತದೆ; 16 ಮಿಲಿಮೀಟರಿನದು ಸುಮಾರು 97 ಡಿಗ್ರಿಗಳ ನೋಟವನ್ನು ಕೊಡುತ್ತದೆ. ಎರಡನೆಯ ಚಿತ್ರವನ್ನು ಹತ್ತರಷ್ಟು ಹಿಗ್ಗಿಸಿ 36 ಸೆಂಟಿಮೀಟರು ಅಗಲದಲ್ಲಿ ನೋಡುತ್ತೇವೆನ್ನೋಣ. ಕೋನಗಳೆಲ್ಲವೂ ಸರಿಯಾಗಿ ಕಾಣಬೇಕಾದರೆ ಕಣ್ಣು ಚಿತ್ರದಿಂದ 16 ಸೆಂಟಿಮೀಟರು ದೂರದಲ್ಲಿರಬೇಕು. ಆದರೆ ಯಾರು ತಾನೆ ಅಷ್ಟು ಹತ್ತಿರ ಮುಖವಿಟ್ಟು ನೋಡುತ್ತಾರೆ? 40 ಸೆಂಟಿಮೀಟರು ದೂರದಿಂದ ನೋಡಿದಾಗ, ರೇಖಾಗಣಿತದ ಪ್ರಕಾರ, ಕೋಣೆಯ ಆಳವು 40ನ್ನು 16ರಿಂದ ಭಾಗಿಸಿದಷ್ಟು, ಎಂದರೆ ಎರಡೂವರೆ ಪಟ್ಟು ಹಿಗ್ಗಿದಂತಾಗುತ್ತದೆ. ನಮ್ಮ ಅನುಭವವು ಇದನ್ನು ಕೊಂಚ ತಿದ್ದಿಕೊಳ್ಳುವುದೇನೋ ನಿಜ, ಆದರೆ ಪೂರ್ತಿಯಾಗಿ ತಿದ್ದಲಾರದು. ವಾಚಕರು ಒಂದು ಕಣ್ಣನ್ನು ಮುಚ್ಚಿ ಇಂತಹ ಚಿತ್ರದ ನಡುವಿಗೆ ಮುಖವನ್ನು ಮೆಲ್ಲನೆ ಸಮೀಪಿಸಲಿ. ಹಿಂಗೋಡೆಯು ತಾನಾಗಿ ಹತ್ತಿರ ಬರುವುದನ್ನು ಕಾಣಬಹುದು.

ಉತ್ತಮ ಸಾಧನಗಳು ಬರಿಯ ಚಿತ್ರದಿಂದ ತೃಪ್ತಿಪಡದೆ ದೂರವನ್ನೂ ಅಳೆಯುತ್ತವೆ. ಕೆಲವು ಅವಕೆಂಪು ಕಿರಣಗಳಿಂದ ಗೋಡೆಯ ಮೇಲೆ ಚುಕ್ಕೆಗಳ ವಿನ್ಯಾಸವನ್ನು ಬೀರಿ, ಅದು ಪಲ್ಲಟವಾದುದನ್ನು ನೋಡಿ ತ್ರಿಕೋನಗಳಿಂದ ದೂರವನ್ನು ಗಣಿಸುತ್ತವೆ. ಮತ್ತೆ ಕೆಲವು ಲೇಸರ್ ಮಿಂಚನ್ನು ಕಳುಹಿಸಿ ಅದು ಹಿಂದಿರುಗುವ ಕಾಲವನ್ನು ಅಳೆಯುತ್ತವೆ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೊಮೀಟರು. 3 ಮೀಟರು ದೂರದ ಗೋಡೆಗೆ ಹೋಗಿಬರಲು ಅದಕ್ಕೆ ಬೇಕಾದುದು 20 ನ್ಯಾನೊಸೆಕೆಂಡು ಮಾತ್ರ. ಅಳತೆಯು ಒಂದು ಸೆಂಟಿಮೀಟರಿನಷ್ಟು ನಿಖರವಾಗಬೇಕಾದರೆ ನ್ಯಾನೊಸೆಕೆಂಡಿನ ಹದಿನೈದನೆಯ ಒಂದು ಭಾಗವನ್ನು ಗುರುತಿಸಬೇಕಾಗುತ್ತದೆ. ಇದು ಸಾಧ್ಯವಾಗಿರುವುದು ಸಾಮಾನ್ಯ ಸಂಗತಿಯಲ್ಲ. ಆದರೂ ಬೀರುವಿನ ಕನ್ನಡಿಯ ಮುಂದೆ ಈ ಯಂತ್ರವು ಮೋಸಹೋಗಿ, ಕನ್ನಡಿಯ ಹಿಂದೆ ಇಲ್ಲದ ಕೋಣೆಯೊಂದನ್ನು ಕಾಣುತ್ತದೆ! ಇನ್ನೊಂದು ಮಾತು: ಉದ್ದದಲ್ಲಿಯೂ ಅಗಲದಲ್ಲಿಯೂ ಶೇಕಡ 1ರ ತಪ್ಪು ಒಂದೇ ಕಡೆಗಾದರೆ ವಿಸ್ತೀರ್ಣದಲ್ಲಿ ಸುಮಾರು ಶೇಕಡ 2ರ ತಪ್ಪಾಗುತ್ತದೆ. 1,000 ಚದರಡಿಯ ಮನೆಯಲ್ಲಿ ಇದು 20 ಚದರಡಿ. ಚದರಡಿಗೆ 8,000 ರೂಪಾಯಿಯಂತೆ ಲೆಕ್ಕ ಹಾಕಿದರೆ 1,60,000 ರೂಪಾಯಿ.

ಇಲ್ಲಿಯವರೆಗೆ ಹೇಳಿದ್ದು ಕಟ್ಟಿ ಮುಗಿದ ಮನೆಯ ಮಾತು. ಇನ್ನೂ ಕಟ್ಟದ ಮನೆಯ ದರ್ಶನವು ಕೇವಲ ಗಣಕಯಂತ್ರದ ಚಿತ್ರವಾದುದರಿಂದ, ಅಲ್ಲಿ ಬೆಳಕನ್ನೂ ಚಿತ್ರಕಾರನೇ ನಿರ್ಣಯಿಸುತ್ತಾನೆ. ಎಲ್ಲ ಕಿಟಕಿಗಳಲ್ಲಿಯೂ ಹೊಂಬಿಸಿಲು! ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿ. ಡಿಸೆಂಬರಿನ ಕೊನೆಯ ಭಾಗದಲ್ಲಿ ನಡುಹಗಲಿನ ಸೂರ್ಯನು ತೆಂಕಣ ದಿಕ್ಕಿನಲ್ಲಿ ಸುಮಾರು 53½ ಡಿಗ್ರಿ ಎತ್ತರದಲ್ಲಿರುತ್ತಾನೆ. ಜೂನಿನಲ್ಲಿ ನೆತ್ತಿಯಿಂದ 10½ ಡಿಗ್ರಿ ಬಡಗಲಿಗೆ ಸರಿದಿರುತ್ತಾನೆ. ಬಡಗಣ ಕಿಟಕಿಗೆ ಜೂನಿನ ಆ ನೆಟ್ಟನೆಯ ಬಿಸಿಲನ್ನು ಒಂದು ಸಣ್ಣ ಸಜ್ಜೆಯೇ ತಡೆದುಬಿಡುತ್ತದೆ. ತೆಂಕಣ ಕಿಟಕಿಯ ಮೇಲಂಚು 7 ಅಡಿ ಎತ್ತರದಲ್ಲಿದ್ದು, ಮರೆ ಏನೂ ಇಲ್ಲದಿದ್ದರೆ, ಡಿಸೆಂಬರಿನ ನಡುಹಗಲಿನಲ್ಲಿ ಬಿಸಿಲು 5 ಅಡಿಗೂ ತುಸು ಹೆಚ್ಚಾಗಿ ಒಳಗೆ ಬರುತ್ತದೆ. ಆದರೆ ಅದೇ ದಿಕ್ಕಿನಲ್ಲಿ 10 ಅಡಿ ದೂರಕ್ಕೆ 30 ಅಡಿ ಎತ್ತರದ ಕಟ್ಟಡವಿದ್ದಲ್ಲಿ, ನೆಲದಂತಸ್ತಿನ ಕಿಟಕಿಗೆ ಆಕಾಶವು ಸುಮಾರು 70 ಡಿಗ್ರಿಯವರೆಗೆ ಮುಚ್ಚಿಹೋಗಿರುತ್ತದೆ. ಆ ಹೊತ್ತಿನ ಬಿಸಿಲು ಒಳಗೆ ಕಾಲಿಡಲಾರದು. ಇಂತಹ ಲೆಕ್ಕವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಬಲ್ಲನು. ಪಕ್ಕದ ಕಟ್ಟಡ ಎಷ್ಟು ದೂರ, ಎಷ್ಟು ಎತ್ತರ ಎಂದು ಕೇಳಿ ತಿಳಿದರಾಯಿತು. ಗೋಡೆಯ ತೇವ, ಚರಂಡಿಯ ವಾಸನೆ, ರಸ್ತೆಯ ಗದ್ದಲ, ಬೇಸಗೆಯ ನೀರಿನ ಅಭಾವ ಇವು ಯಾವ ಮಸೂರಕ್ಕೂ ಸಿಕ್ಕುವ ವಿಷಯಗಳಲ್ಲ.

ಹಾಗಾದರೆ ಮಾರುವವನಿಗೆ ಇದರಿಂದ ಲಾಭವುಂಟೆ? ಇಂತಹ ದರ್ಶನವಿರುವ ಮನೆಗಳು ಬೇಗ ಮಾರಾಟವಾಗುವುವೆಂದು ಅದನ್ನು ಸಿದ್ಧಪಡಿಸಿಕೊಡುವವರು ಹೇಳುವುದುಂಟು. ಇದು ದಿಟವೇ ಆಗಿದ್ದರೂ ಅಷ್ಟರಿಂದಲೇ ದರ್ಶನವೇ ಕಾರಣವೆನ್ನಲಾಗದು. ಮನೆಗೆ ಸುಣ್ಣಬಣ್ಣ ಮಾಡಿಸಿ, ಸರಿಯಾದ ಬೆಲೆಯನ್ನು ಕಟ್ಟಿ, ಶ್ರದ್ಧೆಯಿಂದ ಮಾರುವವನೇ ಇದಕ್ಕೂ ಹಣವನ್ನು ತೆಗೆದಿಡುತ್ತಾನೆ. ಒಂದೇ ಬಗೆಯ ಅನೇಕ ಮನೆಗಳನ್ನು ಚೀಟಿಯೆತ್ತಿ ಎರಡು ಪಾಲು ಮಾಡಿ, ಒಂದು ಪಾಲಿಗೆ ಮಾತ್ರ ದರ್ಶನವನ್ನು ಸಿದ್ಧಪಡಿಸಿ ಹೋಲಿಸಿದಲ್ಲದೆ ನಿಜವು ಹೊರಬೀಳದು. ನನ್ನ ಅಭಿಪ್ರಾಯದಲ್ಲಿ ಇದರ ನಿಜವಾದ ಪ್ರಯೋಜನವು ಬೇರೆಯದು. ಕೋಣೆಗಳ ಜೋಡಣೆ ಒಪ್ಪದವರು ಪರದೆಯಿಂದಲೇ ಹಿಂದಿರುಗುತ್ತಾರೆ. ಮನೆಯವರೆಗೆ ಬರುವವರು ಕೊಳ್ಳುವ ಮನಸ್ಸುಳ್ಳವರಾಗಿರುತ್ತಾರೆ. ದೂರದೇಶದ ಗಿರಾಕಿಗಳಿರುವ ಮನೆಗೂ ಬಾಡಿಗೆದಾರನು ಇನ್ನೂ ವಾಸವಾಗಿರುವ ಮನೆಗೂ ಇದು ಸಾರ್ಥಕ. ಪಕ್ಕದ ಬೀದಿಯವರೇ ಕೊಳ್ಳಬಹುದಾದ ಸಣ್ಣ ಮನೆಗೆ ಬಾಗಿಲು ತೆರೆದಿಟ್ಟರೆ ಸಾಕು.

ಕೊಳ್ಳುವವರಿಗೆ ಕಾನೂನಿನ ಆಸರೆಯೂ ಕೊಂಚ ಉಂಟು. 2016ರ ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯಿದೆಯ 12ನೆಯ ಕಲಮಿನ ಪ್ರಕಾರ, ಜಾಹೀರಾತಿನಲ್ಲಿನ ಸುಳ್ಳು ವಿವರವನ್ನೋ ಮಾದರಿ ಮನೆಯನ್ನೋ ನಂಬಿ ಮುಂಗಡ ಕೊಟ್ಟು ನಷ್ಟಹೊಂದಿದವರಿಗೆ ಯೋಜನೆಯ ಪ್ರವರ್ತಕರು ಪರಿಹಾರವನ್ನು ಕೊಡತಕ್ಕದ್ದು. ಕಾಯಿದೆಯು ಹೇಳುವ ಕಾರ್ಪೆಟ್ ವಿಸ್ತೀರ್ಣದಲ್ಲಿ ಒಳಗಿನ ಅಡ್ಡಗೋಡೆಗಳು ಸೇರುತ್ತವೆ. ಹೊರಗೋಡೆಗಳೂ ಬಾಲ್ಕನಿಯೂ ಸೇರುವುದಿಲ್ಲ. ಆದಕಾರಣ ಪರದೆಯ ಮೇಲೆ ಬಾಲ್ಕನಿಯವರೆಗೂ ನಡೆದಾಡಿ ಬಂದವರು, ಕೋಣೆಕೋಣೆಯ ಅಳತೆಯಿರುವ ನಕ್ಷೆಯನ್ನು ಬರಹದಲ್ಲಿ ಕೇಳಿ ಪಡೆದು, ಸಹಿ ಹಾಕುವ ಮೊದಲು ಊರಿನಲ್ಲಿರುವ ಬಂಧುಗಳೊಬ್ಬರನ್ನು ಅಳತೆಪಟ್ಟಿಯೊಡನೆ ಆ ಮನೆಗೆ ಕಳುಹಿಸಬೇಕು. ಸಾಧ್ಯವಾದರೆ ಮಳೆ ಬಂದ ಮರುದಿನ.