ಸೀಟು ಸಿಕ್ಕಿದ ಮೇಲಿನ ಗಣಿತ

ಬೋಧನಾಭ್ಯಾಸದ ಮೂರನೆಯ ವಾರ ನಾನೊಂದು ತಪ್ಪು ಮಾಡಿದೆ. ಅದನ್ನು ತಿದ್ದಲು ಹೋಗಿ ಮಾಡಿದ ಪಾಠದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ದ್ವಿತೀಯ ಪಿಯುಸಿ ವಿಜ್ಞಾನ ತರಗತಿ. ಅಜ್ಜಾವರ, ಮಂಡೆಕೋಲು ಕಡೆಯಿಂದ ಸುಳ್ಯಕ್ಕೆ ಬರುವ ಮಕ್ಕಳು ಅದರಲ್ಲಿ ಹಲವರು. ನಾನೂ ಅಜ್ಜಾವರದವಳಾದ್ದರಿಂದ ಬಸ್ಸಿನಲ್ಲೇ ಪರಿಚಯ. ಡಿಸೆಂಬರಿನ ಒಂದು ಬೆಳಗ್ಗೆ ಒಬ್ಬಳು ಪಕ್ಕದಲ್ಲಿ ಕೂತು ಹೇಳಿದಳು: "ಮೇಡಂ, ಮಂಗಳೂರಿನಲ್ಲಿ ನರ್ಸಿಂಗ್ ಸೀಟು ಆಯಿತು. ಅಪ್ಪ ಅಡಿಕೆ ಮಾರಿ ಮುಂಗಡ ಕಟ್ಟಿದ್ದಾರೆ. ಇನ್ನು ಗಣಿತ ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳಬಹುದಾ?"

ನಾನು ಯೋಚಿಸದೆ, "ಅಲ್ಲಿ ನೋಡುವುದು ಭೌತ, ರಸಾಯನ, ಜೀವಶಾಸ್ತ್ರ, ಇಂಗ್ಲಿಷ್ ಅಷ್ಟೆ" ಎಂದುಬಿಟ್ಟೆ. ಮಾತು ಸುಳ್ಳಲ್ಲ, ಆದರೆ ಅರ್ಧ. ಮರುದಿನದಿಂದ ಅವಳ ಗಣಿತದ ನೋಟ್ಸಿನಲ್ಲಿ ಹೃದಯದ ಚಿತ್ರಗಳು ಬರತೊಡಗಿದವು. ಕಿರುಪರೀಕ್ಷೆಯಲ್ಲಿ 20ಕ್ಕೆ 3.

ಆಮೇಲೆ ಕಚೇರಿಯಲ್ಲಿ ವಿಚಾರಿಸಿದೆ. ನೋಂದಾಯಿಸಿದ ಐಚ್ಛಿಕ ವಿಷಯವನ್ನು ಎರಡನೆಯ ವರ್ಷದ ನಡುವೆ ಬದಲಿಸಲಾಗದು. ಗಣಿತ ಬೇಡವಾದವರು ಗೃಹವಿಜ್ಞಾನದಂಥದ್ದು ಇರುವ ಕಾಲೇಜನ್ನು ಮೊದಲೇ ಹುಡುಕಬೇಕಿತ್ತು. ಎರಡು ಭಾಷೆ, ನಾಲ್ಕು ಐಚ್ಛಿಕ ಆರರಲ್ಲೂ ಉತ್ತೀರ್ಣರಾದರೆ ಮಾತ್ರ ಪಿಯುಸಿ ಪಾಸು. ಜೀವಶಾಸ್ತ್ರದ 95 ಗಣಿತದ ಸೋಲನ್ನು ತುಂಬುವುದಿಲ್ಲ. ಮುಂಗಡದ ರಶೀದಿ ತರಲು ಹೇಳಿದೆ. ಪಿಯುಸಿ ಪಾಸಾದರೆ ಮಾತ್ರ ಸೀಟು ಎಂದು ಅದರ ಹಿಂದೆ ಸಣ್ಣ ಅಕ್ಷರದಲ್ಲಿತ್ತು. "ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆಯಲ್ಲ ಮೇಡಂ" ಎಂದಳು. ಇದೆ, ನಿಜ. ಆದರೆ ಹಳದಿ ರೋಗದ ತೋಟದಿಂದ ಬಂದ ದುಡ್ಡನ್ನು ಎರಡನೆಯ ಪರೀಕ್ಷೆಯ ಭರವಸೆಯಲ್ಲಿ ಇಡುವುದೇ?

ಇಷ್ಟು ಹೇಳಿದರೂ ಅವಳು ತಲೆಯಾಡಿಸಿದಳೇ ಹೊರತು ಪುಸ್ತಕ ತೆರೆಯಲಿಲ್ಲ. ಆ ವಾರ ನನ್ನ ಪಾಠ ಬೇಯ್ಸ್ ಪ್ರಮೇಯ. ಪಾಠಯೋಜನೆಯಲ್ಲಿದ್ದ ಕೆಂಪು-ಕಪ್ಪು ಚೆಂಡುಗಳನ್ನು ತೆಗೆದು ಆಸ್ಪತ್ರೆಯ ಒಂದು ಕಲ್ಪಿತ ಲೆಕ್ಕ ಹಾಕಿದೆ. ಊರಲ್ಲಿ 1000 ಜನ. 100ಕ್ಕೆ ಒಬ್ಬರಿಗೆ ಒಂದು ಕಾಯಿಲೆ. ರಕ್ತಪರೀಕ್ಷೆ ರೋಗಿಗಳಲ್ಲಿ 10ಕ್ಕೆ 9 ಮಂದಿಯನ್ನು ಹಿಡಿಯುತ್ತದೆ. ಆರೋಗ್ಯವಂತರಲ್ಲೂ 10ಕ್ಕೆ ಒಬ್ಬರಿಗೆ ತಪ್ಪಾಗಿ 'ಪಾಸಿಟಿವ್' ಎನ್ನುತ್ತದೆ. ಒಬ್ಬರಿಗೆ ಪಾಸಿಟಿವ್ ಬಂದರೆ ಕಾಯಿಲೆ ಇರುವ ಸಂಭವ ಎಷ್ಟು? ಹೆಚ್ಚಿನವರು ಶೇ. 90 ಎಂದರು. ಅವಳೂ.

ಸೂತ್ರ ಬರೆಯದೆ ತಲೆ ಎಣಿಸಿದೆವು. ರೋಗಿಗಳು 10, ಅವರಲ್ಲಿ ಪಾಸಿಟಿವ್ 9. ಉಳಿದ 990ರಲ್ಲಿ ಪಾಸಿಟಿವ್ 99. ಒಟ್ಟು 108ರಲ್ಲಿ ನಿಜವಾದ ರೋಗಿಗಳು 9, ಅಂದರೆ 12ಕ್ಕೆ ಒಬ್ಬರು. ತರಗತಿ ಒಂದು ಕ್ಷಣ ಸುಮ್ಮನಾಯಿತು. ಹಿಂದಿನ ಬೆಂಚಿನಿಂದ ಅವಳು ಕೇಳಿದಳು: "ಹಾಗಾದರೆ ಆ 99 ಮಂದಿಗೆ ಏನು ಹೇಳುವುದು ಮೇಡಂ?"

ಮತ್ತೊಮ್ಮೆ ಪರೀಕ್ಷಿಸುವುದು ಯಾಕೆ ಎಂಬ ಚರ್ಚೆಯಲ್ಲಿ ಅವಧಿ ಮುಗಿಯಿತು. ಸೂತ್ರ ಕಪ್ಪುಹಲಗೆಗೆ ಬಂದದ್ದು ಮರುದಿನ. ಮೌಲ್ಯಮಾಪನ ಹಂತ ಬಿಟ್ಟುಹೋಯಿತೆಂದು ಮಾರ್ಗದರ್ಶಕರು ಗುರುತು ಹಾಕಿದರು. ಅದು ಸರಿಯೇ. ಆದರೂ ಎಣಿಕೆ ಮೊದಲು, ಸೂತ್ರ ಆಮೇಲೆ ಎಂಬ ಕ್ರಮವನ್ನು ನಾನು ಬದಲಿಸಲಾರೆ.

ಅನುಕಲನವೂ ನರ್ಸಿಗೆ ಹೀಗೆಯೇ ಬೇಕಾಗುತ್ತದೆ ಎಂದು ನಾನು ನಟಿಸಲಿಲ್ಲ. "ಅದು ಪಾಸಾಗುವುದಕ್ಕೆ" ಎಂದೇ ಹೇಳಿದೆ. ಮಾತೃಕೆ, ರೇಖಾತ್ಮಕ ಕ್ರಮವಿಧಿ, ಸಂಭವನೀಯತೆ, ಈ ಮೂರನ್ನು ಮೊದಲು ಗಟ್ಟಿಮಾಡುವುದೆಂದು ಬಸ್ಸಿನಲ್ಲೇ ಪಟ್ಟಿ ಹಾಕಿಕೊಂಡೆವು. ನನ್ನ ಅವಧಿ ಮುಗಿಯುವ ಹೊತ್ತಿಗೆ ಅವಳ ಅಂಕ 20ಕ್ಕೆ 11. ನೋಟ್ಸಿನಲ್ಲಿ ಹೃದಯದ ಚಿತ್ರಗಳು ಇನ್ನೂ ಇದ್ದವು, ಅಂಚಿನಲ್ಲಿ.