ಬಾಯಿಯೊಳಗೆ ಒಮ್ಮೆ ನೋಡಿ

ಅಡಿಕೆ ನಮ್ಮ ಎಣ್ಮಕಜೆಗೆ ಅನ್ನ ಕೊಡುವ ಬೆಳೆ. ಮನೆಗೆ ಯಾರು ಬಂದರೂ ಎಲೆ-ಅಡಿಕೆಯ ತಟ್ಟೆ ಇಡುತ್ತೇವೆ. ಅದು ಮರ್ಯಾದೆ. ಆದರೆ ದಿನವಿಡೀ ಜಗಿದರೆ ಬಾಯಿಗೆ ಏನಾಗುತ್ತದೆ, ಗೊತ್ತಾ?

ಕೆನ್ನೆಯ ಒಳಗೆ, ನಾಲಿಗೆಯ ಅಂಚಿನಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ ಏಳಬಹುದು. ಉಜ್ಜಿದರೂ ಹೋಗುವುದಿಲ್ಲ. ಹೆಚ್ಚಾಗಿ ನೋವೂ ಇರುವುದಿಲ್ಲ. ನೋವಿಲ್ಲ ಅಂತ ಸುಮ್ಮನಿರುತ್ತೇವೆ. ಅಲ್ಲೇ ನಾವು ತಪ್ಪುವುದು. ಎಲ್ಲ ಮಚ್ಚೆಯೂ ಕ್ಯಾನ್ಸರ್ ಅಲ್ಲ. ಆದರೆ ಕೆಲವು ಮುಂದೆ ಕ್ಯಾನ್ಸರ್ ಆಗುತ್ತವೆ.

"ಹೊಗೆಸೊಪ್ಪು ಬಿಟ್ಟಿದ್ದೇನೆ, ಬರೀ ಅಡಿಕೆ ಅಲ್ವಾ" ಅನ್ನಬೇಡಿ. ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧಕರು 2004ರಲ್ಲೇ ಇದನ್ನು ಹೇಳಿದ್ದಾರೆ. ಬೀಡಿ, ಮದ್ಯವೂ ಕಾರಣ. ಎಚ್‌ಪಿವಿ ಎಂಬ ವೈರಸ್ಸೂ ಬಾಯಿ, ಗಂಟಲಿನ ಕ್ಯಾನ್ಸರ್ ತರಬಹುದು. ರಕ್ತದ ಕಾಯಿಲೆಗೆ ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡವರಿಗೆ ಅಪಾಯ ಹೆಚ್ಚು. ಅವರು ಏನೂ ಜಗಿಯದಿದ್ದರೂ ಆಗಾಗ ಡಾಕ್ಟರಿಗೆ ಬಾಯಿ ತೋರಿಸಬೇಕು.

ನೋಡುವುದರಿಂದ ಏನು ಲಾಭ? ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ಆರೋಗ್ಯ ಕಾರ್ಯಕರ್ತರು ಕೆಲವು ಪಂಚಾಯತಿಗಳ ಜನರ ಬಾಯಿ ಪರೀಕ್ಷಿಸಿದರು. ಬರಿಗಣ್ಣಿನಿಂದಲೇ ನೋಡಿದರು. 2005ರಲ್ಲಿ ಫಲ ತಿಳಿಯಿತು. ಹೊಗೆಸೊಪ್ಪು, ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಕಡಿಮೆಯಾಗಿತ್ತು.

ನೀವೂ ನೋಡಿಕೊಳ್ಳಿ:
1. ಬೆಳಕಿನಲ್ಲಿ ಕನ್ನಡಿ ಹಿಡಿಯಿರಿ.
2. ತುಟಿ, ಕೆನ್ನೆ, ನಾಲಿಗೆಯ ಅಡಿ ನೋಡಿ.
3. ಮೂರು ಬೆರಳು ಹೋಗುವಷ್ಟು ಬಾಯಿ ತೆರೆಯುತ್ತದಾ?

ಮಚ್ಚೆ, ಹುಣ್ಣು ಎರಡು ವಾರದಲ್ಲಿ ಹೋಗದಿದ್ದರೆ, ಬಾಯಿ ತೆರೆಯಲು ಕಷ್ಟವಾದರೆ ಆರೋಗ್ಯ ಕೇಂದ್ರಕ್ಕೆ ಹೋಗಿ. ತಲಶ್ಶೇರಿಯಲ್ಲಿ ಮಲಬಾರ್ ಕ್ಯಾನ್ಸರ್ ಸೆಂಟರ್ ಇದೆ.

ಅಡಿಕೆ ಬೆಳೆಯೋಣ, ಮಾರೋಣ. ಜಗಿಯುವುದು ಬೇಡ.

ಅಭ್ಯಾಸ: ಮನೆಯಲ್ಲಿ ಎಲೆ-ಅಡಿಕೆ ಜಗಿಯುವವರಿಗೆ ಈ ಪಾಠವನ್ನು ಓದಿ ಹೇಳಿ.