ಗೇಮ್ ಪಾರ್ಲರ್ ಇಡುವವರಿಗೆ

1972ರಲ್ಲಿ ಅಟಾರಿ ಕಂಪನಿ ಕ್ಯಾಲಿಫೋರ್ನಿಯಾದ ಸನಿವೇಲ್‌ನ ಒಂದು ಬಾರಿನಲ್ಲಿ ‘ಪಾಂಗ್’ ಆಟದ ಯಂತ್ರವನ್ನು ಪರೀಕ್ಷೆಗೆಂದು ಇಟ್ಟಿತು. ಸ್ವಲ್ಪ ದಿನಕ್ಕೇ ಅದು ನಿಂತುಹೋಯಿತು. ಬಿಚ್ಚಿ ನೋಡಿದರೆ ನಾಣ್ಯಗಳು ತುಂಬಿ ತುಳುಕಿದ್ದೇ ಕಾರಣ! ಚೆನ್ನಾಗಿ ಓಡುವ ಯಂತ್ರಕ್ಕೇ ಹೆಚ್ಚು ಆರೈಕೆ ಬೇಕು.

ಹಾಗಾಗಿ ದಿನವೂ ಬಾಗಿಲು ತೆರೆಯುವ ಮುನ್ನ ಪ್ರತಿ ಯಂತ್ರದಲ್ಲೂ ನೀವೇ ಒಂದು ಆಟ ಆಡಿ. ಗುಂಡಿ, ಜಾಯ್‌ಸ್ಟಿಕ್, ಸದ್ದು ಎಲ್ಲವನ್ನೂ ಗಮನಿಸಿ. ನಾಣ್ಯ ಇಳಿಯುವ ದಾರಿಯನ್ನು ಒಣಬಟ್ಟೆಯಿಂದ ಒರೆಸಿ; ಎಣ್ಣೆ ಬಿಟ್ಟರೆ ಧೂಳು ಅಂಟಿ ನಾಣ್ಯ ಸಿಕ್ಕಿಕೊಳ್ಳುತ್ತದೆ. ಗುಂಡಿಯೊಳಗಿನ ಮೈಕ್ರೋಸ್ವಿಚ್, ಫ್ಯೂಸ್, ಬಲ್ಬುಗಳ ದಾಸ್ತಾನು ಕೈಯಲ್ಲಿರಲಿ. ಕರೆಂಟು ಏರಿಳಿಯುವ ಊರಾದರೆ ಸ್ಟೆಬಿಲೈಸರ್, ಸರಿಯಾದ ಅರ್ಥಿಂಗ್ ಬೇಕೇ ಬೇಕು. ಹಳೆಯ ಪಿಕ್ಚರ್ ಟ್ಯೂಬಿನ ಯಂತ್ರವನ್ನು ಮಾತ್ರ ನೀವಾಗಿ ಬಿಚ್ಚಬೇಡಿ. ಸ್ವಿಚ್ ಆರಿಸಿದ ಮೇಲೂ ಅದರಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ತಿಳಿದ ಮೆಕ್ಯಾನಿಕ್‌ನನ್ನೇ ಕರೆಸಿ.

ಪ್ರಚಾರಕ್ಕೆ ದೊಡ್ಡ ಖರ್ಚು ಬೇಡ. ಬಣ್ಣ, ಬೆಳಕು ಇರುವ ಯಂತ್ರವನ್ನು ಬಾಗಿಲ ಬಳಿಯೇ ಇಡಿ. ವಾರದ ಅತಿ ಹೆಚ್ಚು ಅಂಕ ಗಳಿಸಿದವರ ಹೆಸರನ್ನು ಫಲಕದಲ್ಲಿ ಬರೆಯಿರಿ. ಆ ದಾಖಲೆಯನ್ನು ಮುರಿಯಲೆಂದೇ ಹುಡುಗರು ಮತ್ತೆ ಬರುತ್ತಾರೆ. ಹುಟ್ಟುಹಬ್ಬದ ತಂಡಗಳಿಗೆ ಟೋಕನ್ ರಿಯಾಯಿತಿ ಕೊಡಿ. ಗೆದ್ದವರಿಗೆ ನಗದು ಕೊಡುವ ಆಸೆಗೆ ಮಾತ್ರ ಬೀಳಬೇಡಿ, ಅದು ಜೂಜಿನ ಕಾನೂನಿನ ತಕರಾರಿಗೆ ದಾರಿ. ಬೇಕಾದ ಪರವಾನಗಿಗಳನ್ನು ಮೊದಲೇ ಮಾಡಿಸಿಕೊಳ್ಳಿ.

ಯಂತ್ರ ನಾಣ್ಯ ನುಂಗಿದರೆ ವಾದಿಸದೆ ಕೂಡಲೇ ಹಿಂತಿರುಗಿಸಿ. ಮಗುವಿನ ಕೈಯ ಆ ಪುಟ್ಟ ನಾಣ್ಯಕ್ಕಿಂತ ಅದರ ನಂಬಿಕೆಯೇ ನಿಮ್ಮ ವ್ಯಾಪಾರದ ನಿಜವಾದ ಬಂಡವಾಳ.